ಬೇಡ ಅಂದವರ ಸೀಟು

ನಮ್ಮ ಕಾರ್ಖಾನೆಯ ಬಸ್ಸಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಡ್ರೈವರಿನ ಹಿಂದಿನ ಸೀಟುಗಳು ಮದುವೆಯಾದವರದು, ಕೊನೆಯ ಉದ್ದನೆಯ ಸೀಟು ಮದುವೆಯಾಗದವರದು ಎಂಬುದು ಎಲ್ಲರಿಗೂ ಗೊತ್ತಿತ್ತು. ಮದುವೆಗೆಂದು ರಜಾ ಹಾಕಿ ಹೋದ ಹುಡುಗಿ ವಾಪಸು ಬಂದ ದಿನ, ಕೈತುಂಬ ಹಸಿರು ಬಳೆ ಹಾಕಿಕೊಂಡು, ನಮ್ಮ ಕಡೆ ಒಂದು ಸಲ ನೋಡಿ ನಕ್ಕು, ಮುಂದೆಯೇ ಕೂತುಬಿಡುತ್ತಿದ್ದಳು. ನಾವು ಹಿಂದಿನವರು ಸ್ವಲ್ಪ ಸ್ವಲ್ಪ ಜರುಗಿ ಅವಳ ಜಾಗವನ್ನು ತುಂಬಿಕೊಳ್ಳುತ್ತಿದ್ದೆವು.

ಇದು ಎಂಬತ್ತರ ದಶಕದ ಮಾತು. ಬಸ್ಸು ಕೆಂಗೇರಿಯಿಂದ ಹೊರಟು, ಮೈಸೂರು ರಸ್ತೆಯವರನ್ನು ಹತ್ತಿಸಿಕೊಂಡು, ವಿಜಯನಗರ, ಹೊಸಹಳ್ಳಿ, ಮಾಗಡಿ ರಸ್ತೆ ಸುತ್ತಿ, ರಾಜಾಜಿನಗರದ ಮೇಲೆ ಊರಾಚೆಯ ಕಾರ್ಖಾನೆಗೆ ಹೋಗುತ್ತಿತ್ತು. ರೇಡಿಯೋ ಟೆಲಿಫೋನುಗಳ ಒಳಗೆ ಕೂರುವ ಸಣ್ಣ ಕಾಯಿಲುಗಳಿಗೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತುವುದು ನಮ್ಮ ಕೆಲಸ. ಆ ವಿಭಾಗದಲ್ಲಿ ಹೆಂಗಸರೇ ಇದ್ದದ್ದರಿಂದ ಬಸ್ಸೂ ಹೆಂಗಸರದೇ. ನಾನು ಗೋವಿಂದರಾಜನಗರದ ಬಾಡಿಗೆ ಮನೆಯಿಂದ ನಡೆದು ಬಂದು ವಿಜಯನಗರದ ಸ್ಟಾಪಿನಲ್ಲಿ ಹತ್ತುತ್ತಿದ್ದೆ. ಹತ್ತಿದವಳೇ ಹಿಂದಕ್ಕೆ ಹೋಗಿ, ಕಿಟಕಿಯ ಪಕ್ಕ ಕೂತು, ಬುತ್ತಿಯ ಚೀಲವನ್ನು ಪಕ್ಕದಲ್ಲಿಟ್ಟು ಒಂದು ಜಾಗ ಹಿಡಿಯುತ್ತಿದ್ದೆ. ಅದು ರಾಜಾಜಿನಗರದಲ್ಲಿ ಹತ್ತುವ ನನ್ನ ಗೆಳತಿಯ ಜಾಗ. ಇಬ್ಬರೂ ಒಂದೇ ಬ್ಯಾಚಿನಲ್ಲಿ ಕೆಲಸಕ್ಕೆ ಸೇರಿದವರು, ಒಂದೇ ಜಾತಿಯವರು, ಎದುರುಬದುರು ಬೆಂಚಿನಲ್ಲಿ ಕೂತು ತಂತಿ ಸುತ್ತುವವರು. ಅವಳು ಎತ್ತರದ ಹುಡುಗಿ. ಮಂಡಿಯನ್ನು ಮುಟ್ಟುವ ಜಡೆ ಅವಳದು. ಬಸ್ಸು ಹತ್ತುವಾಗ ಅದು ಬಾಗಿಲಿಗೆ ಸಿಕ್ಕಿಹಾಕಿಕೊಳ್ಳದಂತೆ ಮುಂದಕ್ಕೆ ಎಳೆದುಕೊಂಡು ಹತ್ತುತ್ತಿದ್ದಳು.

ಸೋಮವಾರ ಬಂತೆಂದರೆ ಹಿಂದಿನ ಸೀಟಿಗೆ ಕಳೆ. ಹೆಣ್ಣು ನೋಡುವ ಶಾಸ್ತ್ರಗಳೆಲ್ಲ ಭಾನುವಾರ ನಡೆಯುತ್ತಿದ್ದವು. ಹಾಗಾಗಿ ವಾರಕ್ಕೆ ಒಬ್ಬಳಾದರೂ ಕಥೆ ತರುತ್ತಿದ್ದಳು. ಅಲ್ಲಿ ನಡೆಯುತ್ತಿದ್ದ ಬಡಾಯಿ ಬಂದ ಗಂಡುಗಳ ಬಡಾಯಿಯಲ್ಲ, ತಾವು ಬೇಡ ಅಂದ ಗಂಡುಗಳ ಬಡಾಯಿ.

"ಬ್ಯಾಂಕಲ್ಲಿ ಕೆಲಸ ಕಣೇ, ಸ್ವಂತ ಸ್ಕೂಟರು. ಬಿಸ್ಕತ್ತನ್ನ ಕಾಫಿಗೆ ಅದ್ದಿ ಅದ್ದಿ ತಿಂದ. ಬೇಡ ಅಂದ್ಬಿಟ್ಟೆ," ಎಂದು ಒಬ್ಬಳು ಶುರು ಮಾಡುತ್ತಿದ್ದಳು.

"ಅದೇನ್ ಮಹಾ. ನಮ್ಮನೆಗೆ ಬಂದವನು ಇಂಜಿನಿಯರು. ಕಾರಲ್ಲಿ ಬಂದ್ರು. ನನ್ನ ನೋಡೋದು ಬಿಟ್ಟು ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ತಾ ಕೂತಿದ್ದ. ಹೋಗಪ್ಪ, ಅದನ್ನೇ ಮದುವೆ ಆಗು ಅಂದ್ಕೊಂಡೆ."

ಬ್ಯಾಂಕಿನವನ ಮೇಲೆ ಇಂಜಿನಿಯರ್ ಬಂದರೆ, ಇಂಜಿನಿಯರನ ಮೇಲೆ ಡಾಕ್ಟರ್ ಬರಲೇಬೇಕು. ಬಂದ. ದನದ ಡಾಕ್ಟರೆಂದು ಆಮೇಲೆ ತಿಳಿಯಿತು. ಆದರೂ ಡಾಕ್ಟರೇ ಎಂದು ಆಕೆ ವಾದಿಸಿದಳು. ಗಂಡು ಎಷ್ಟು ದೊಡ್ಡವನೋ, ಬೇಡ ಅನ್ನಲು ಕೊಟ್ಟ ಕಾರಣ ಎಷ್ಟು ಸಣ್ಣದೋ, ಅಷ್ಟು ಮರ್ಯಾದೆ. ಕಿವಿ ದೊಡ್ಡದು, ಚಪ್ಪಲಿ ಸದ್ದು ಮಾಡುತ್ತದೆ, ಉಪ್ಪಿಟ್ಟಿನ ಮೆಣಸಿನಕಾಯಿಯನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿಟ್ಟ, ಹೀಗೆ. ಆ ಕಡೆಯವರು ಏನೆಂದರು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಯಾರೂ ಹೇಳಿಕೊಡದೆ ಎಲ್ಲರೂ ಪಾಲಿಸುತ್ತಿದ್ದ ಇನ್ನೊಂದು ನಿಯಮ ಅದು. 'ಮನೆಗೆ ಹೋಗಿ ತಿಳಿಸ್ತೀವಿ' ಎಂಬ ಮಾತಿನ ಅರ್ಥ ಬೆಂಗಳೂರಿನಲ್ಲಿ ಹೆಣ್ಣು ಹೆತ್ತವರಿಗೆಲ್ಲ ಗೊತ್ತಿತ್ತು. ಆ ಮಾತು ನಮ್ಮ ಬಸ್ಸನ್ನು ಹತ್ತುತ್ತಿರಲಿಲ್ಲ.

ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಬೇಡ ಅನ್ನಬೇಕಾದರೆ ಮೊದಲು ಯಾರಾದರೂ ಬರಬೇಕಲ್ಲ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಜಾತಕ ಹಿಡಿದು ನಾಲ್ಕು ಮನೆ ತಿರುಗಲು ದೊಡ್ಡಪ್ಪ ಚಿಕ್ಕಪ್ಪ ಯಾರೂ ಇರಲಿಲ್ಲ. ಗಂಡ ಸತ್ತವಳು ಶುಭಕಾರ್ಯದ ಮಾತಿಗೆ ಮುಂದಾಗಿ ಹೋಗಬಾರದೆಂದು ಅಮ್ಮ ತಾನೇ ತೀರ್ಮಾನಿಸಿಕೊಂಡಿದ್ದಳು. "ತಾನಾಗಿ ಬರತ್ತೆ, ಬಿಡು," ಎನ್ನುತ್ತಿದ್ದಳು. ತಾನಾಗಿ ಬರಲು ಅದೇನು ಹಾಲಿನವನೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಬಸ್ಸಿನಲ್ಲಿ ಯಾರಾದರೂ "ನಿಮ್ಮನೇಲಿ ಏನೇ ಸಮಾಚಾರ?" ಎಂದರೆ, "ನೋಡ್ತಾ ಇದಾರೆ," ಎಂದು ಕಿಟಕಿಯ ಕಡೆ ತಿರುಗುತ್ತಿದ್ದೆ.

ನನ್ನ ಭಾನುವಾರಗಳು ಬಹಳ ಉದ್ದವಾಗಿದ್ದವು. ಸೀಗೆಕಾಯಿ ಹಾಕಿ ತಲೆಗೆ ಸ್ನಾನ ಮಾಡಿ, ತಾರಸಿಯ ಮೇಲೆ ಕೂತು ಕೂದಲು ಒಣಗಿಸುತ್ತಿದ್ದೆ. ಟೈಫಾಯಿಡ್ ಬಂದು ಹೋದಮೇಲೆ ನನ್ನ ಕೂದಲು ತೀರ ತೆಳುವಾಗಿತ್ತು, ಒಣಗಿಸಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಆದರೂ ಕೂರುತ್ತಿದ್ದೆ. ಯಾವುದೋ ಮನೆಯಿಂದ ಕೇಸರಿಬಾತಿನ ಘಮ ಬರುತ್ತಿತ್ತು. ಅಂಗಳದಲ್ಲಿ ಹೊಸ ಚಪ್ಪಲಿಗಳು ಕಾಣಿಸಿದರೆ ಅಲ್ಲಿ ಹೆಣ್ಣು ನೋಡಲು ಬಂದಿದ್ದಾರೆಂದು ಅರ್ಥ. ಆ ಚಪ್ಪಲಿಗಳು ಮತ್ತೆ ಕಾಲಿಗೇರಿ ಹೋಗುವವರೆಗೂ ನೋಡುತ್ತಿದ್ದೆ. ಸಂಜೆ ಕೆಳಗಿನ ಮನೆಯಲ್ಲಿ ಟೀವಿಯ ಸಿನಿಮಾ ನೋಡಲು ಎಲ್ಲರ ಜೊತೆ ನೆಲದ ಮೇಲೆ ಕೂರುತ್ತಿದ್ದೆ. ಅಷ್ಟು ಜನರ ನಡುವೆಯೂ ನಾನೊಬ್ಬಳೇ ಇದ್ದೇನೆ ಅನ್ನಿಸುತ್ತಿತ್ತು. ನಾಳೆ ಬಸ್ಸಿನಲ್ಲಿ ಯಾರು ಯಾರನ್ನು ಬೇಡ ಅಂದಿರುತ್ತಾರೋ ಎಂದು ಯೋಚಿಸುತ್ತಿದ್ದೆ.

ಹಿಂದಿನ ಸೀಟಿನ ಬಡಾಯಿಗಾರ್ತಿಯರಲ್ಲಿ ನನ್ನ ಗೆಳತಿಯೇ ಮೇಲು. ಅವಳಿಗೆ ಗಂಡುಗಳೂ ಹೆಚ್ಚು ಬರುತ್ತಿದ್ದವು, ಹೇಳುವ ಕಲೆಯೂ ಗೊತ್ತಿತ್ತು. ಮಾವಿನಕಾಯಿ ಬರುವ ಕಾಲದ ಒಂದು ಸೋಮವಾರ ಅವಳು ಹೇಳಿದ ಕಥೆಯನ್ನು ನಾನು ಮರೆಯುವಂತಿಲ್ಲ. ಬಸವೇಶ್ವರನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿದವರಂತೆ. ಹುಡುಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ.

"ಮಳೆ ಇಲ್ಲ, ಮೋಡ ಇಲ್ಲ, ಒಂದು ಛತ್ರಿ ಹಿಡ್ಕೊಂಡು ಬಂದಿದ್ದ ಕಣೇ. ಮನೆ ಒಳಗೂ ಕೆಳಗಿಡಲಿಲ್ಲ, ಮಂಡಿ ಮಧ್ಯ ಇಟ್ಕೊಂಡು ಕೂತಿದ್ದ," ಎಂದಾಗ ಎಲ್ಲರೂ ನಕ್ಕೆವು. ಆಮೇಲೆ ಅವಳು ದನಿ ತಗ್ಗಿಸಿದಳು. "ಅದೂ ಹೋಗ್ಲಿ ಅನ್ಬಹುದಾಗಿತ್ತು. ಅವನ ತಾಯಿ, ಆ ಹೆಂಗಸು, ಹತ್ರ ಕರೆದು ಕೂರಿಸ್ಕೊಂಡು ನನ್ನ ಜಡೆಗೆ ಕೈ ಹಾಕಿ ಎಳೆದು ನೋಡಿದ್ಲು. ಚೌರಿ ಇರಬಹುದು ಅಂತ. ನನ್ನ ಜಡೆ! ತಟ್ಟನೆ ಎದ್ದು ಒಳಗೆ ಹೋದೆ. ನಮ್ಮಪ್ಪನ್ನ ಕರೆದು, ಈ ಸಂಬಂಧ ನನಗೆ ಬೇಡ, ಉಪ್ಪಿಟ್ಟು ತಿಂದು ಹೋಗೋಕೆ ಹೇಳಿ ಅಂದೆ."

ಸೀಟಿನವರೆಲ್ಲ ಭೇಷ್ ಎಂದರು. ಅದನ್ನು ಮೀರಿಸುವ ಕಥೆ ಬಹಳ ದಿನ ಯಾರಿಗೂ ಸಿಗಲಿಲ್ಲ. ನಾನಂತೂ ಒಂದೊಂದು ಮಾತನ್ನೂ ನಂಬಿದ್ದೆ. ನನ್ನ ಗೆಳತಿ ತಲೆ ಎತ್ತಿ ಎದ್ದುಹೋದ ಚಿತ್ರ ಕಣ್ಣ ಮುಂದೆ ಬಂದು ಹೆಮ್ಮೆಯಾಗುತ್ತಿತ್ತು. ಹೆಮ್ಮೆಯ ಕೆಳಗೆ ಹೊಟ್ಟೆಕಿಚ್ಚೂ ಇತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ನನಗೂ ಒಂದು ಗಂಡು ಬರುವುದೆಂದಾಯಿತು. ಅದನ್ನು ತಂದವರು ಕೆಳಗಿನ ಮನೆಯ ಓನರಮ್ಮ. ಲೇಔಟು ಆಗುವ ಮೊದಲು ಅಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನದವರು, ನಮ್ಮ ಜಾತಿಯವರೂ ಅಲ್ಲ. ಆದರೆ ದೇವಸ್ಥಾನದಲ್ಲಿ ಪರಿಚಯವಾದವರೊಬ್ಬರ ಹತ್ತಿರ ತಾವಾಗಿಯೇ ಮಾತು ತೆಗೆದು, ಜಾತಕ ಕೊಡಿಸಿ, ಅದು ಕೂಡಿತೆಂದು ತಿಳಿದಾಗ ಮೆಟ್ಟಿಲು ಹತ್ತಿ ಬಂದರು. "ನೀವೇನೂ ಮುಂದೆ ಬರಬೇಡ್ರಮ್ಮ, ಅರಿಸಿನ ಕುಂಕುಮ ಎಲ್ಲಾ ನಾನೇ ಕೊಡ್ತೀನಿ. ಮಗಳನ್ನ ರೆಡಿ ಮಾಡಿ," ಎಂದು ಅಮ್ಮನಿಗೆ ಹೇಳಿದರು. ಅಮ್ಮ ಅವರ ಕೈ ಹಿಡಿದುಕೊಂಡಳು.

ಶನಿವಾರ ಬಸ್ಸಿನಲ್ಲಿ ಗೆಳತಿಗೆ ಹೇಳಿದೆ. ಅವಳ ಮುಖ ಅರಳಿತು. ಅದು ನಾಟಕವಾಗಿರಲಿಲ್ಲ. ಮಧ್ಯಾಹ್ನ ಅರ್ಧ ದಿನದ ಕೆಲಸ ಮುಗಿದು ಬಸ್ಸು ರಾಜಾಜಿನಗರ ಮುಟ್ಟಿದಾಗ, "ಇಳಿ, ಐದು ನಿಮಿಷ ಮನೆಗೆ ಬಂದು ಹೋಗು," ಎಂದು ಎಳೆದುಕೊಂಡು ಹೋದಳು. ಅವಳ ಮನೆಯ ಕನ್ನಡಿಯ ಹಿಂದೆ ಒಂದು ಬಟ್ಟೆಯ ಚೀಲ ನೇತಾಡುತ್ತಿತ್ತು. ಬಾಚುವಾಗ ಉದುರಿದ ಕೂದಲನ್ನು ಸುತ್ತಿ ಸುತ್ತಿ ಆಗೆಲ್ಲ ಹೆಂಗಸರು ಹಾಗೆ ಕೂಡಿಡುತ್ತಿದ್ದರು. ಬೀದಿಯಲ್ಲಿ ಬರುವ ಚೌರಿ ಕಟ್ಟುವವಳು ಅದನ್ನು ಬಿಡಿಸಿ, ಸಮ ಮಾಡಿ, ಬುಡಕ್ಕೆ ದಾರ ಸುತ್ತಿ, ಜಡೆಗೆ ಸೇರಿಸುವ ಕೂದಲಿನ ಎಳೆ ಮಾಡಿಕೊಡುತ್ತಿದ್ದಳು. ಮಂಡಿಯುದ್ದ ಜಡೆಯವಳಿಗೆ ಚೌರಿ ಯಾಕೆ ಬೇಕು? ಇದ್ದ ಒಂದನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಹೆಗಲ ಮೇಲೆ ಇಳಿಬಿಟ್ಟು ನೋಡಿದಳು.

"ನನ್ನ ಕೂದಲೇ ಕಣೇ, ಬೇರೆ ಯಾರದೋ ಅಲ್ಲ. ಬಣ್ಣ ಹೊಂದತ್ತೆ ನೋಡು. ಅಮ್ಮನಿಗೆ ಮೇಲಿಂದಾನೇ ಸೇರಿಸಿ ಹೆಣೆಯೋಕೆ ಹೇಳು, ಗೊತ್ತಾಗಲ್ಲ," ಎಂದಳು. ಬಾಗಿಲವರೆಗೆ ಬಂದು, "ಯಾರಾದ್ರೂ ಜಡೆ ಮುಟ್ಟಿದ್ರೆ ನನ್ನ ಹಾಗೆ ಎದ್ದು ಒಳಗೆ ಹೋಗ್ಬಿಡು. ಹೆದರ್ಬೇಡ," ಎಂದೂ ಸೇರಿಸಿದಳು.

ಭಾನುವಾರ ಅಮ್ಮ ಅದನ್ನು ಸೇರಿಸಿ ಹೆಣೆದು, ಮೇಲೆ ಮಲ್ಲಿಗೆ ಸುತ್ತಿದಳು. ಕನ್ನಡಿಯಲ್ಲಿ ನೋಡಿಕೊಂಡರೆ ಬೇರೆ ಯಾರೋ ನಿಂತ ಹಾಗಿತ್ತು. ತಾರಸಿಯ ಅಂಚಿನಿಂದ ಕೆಳಗೆ ಇಣುಕಿದೆ. ಓನರಮ್ಮ ಗೇಟು ತೆರೆದು ಹಿಡಿದಿದ್ದರು. ಮುಂದೆ ದಪ್ಪನೆಯ ಹೆಂಗಸೊಬ್ಬರು, ಅವರ ಹಿಂದೆ ಕನ್ನಡಕ ಹಾಕಿದ ಯುವಕ. ಅವನ ಕೈಯಲ್ಲಿ ಛತ್ರಿ.

ಬಸವೇಶ್ವರನಗರದವರು ಎಂದು ಓನರಮ್ಮ ಹೇಳಿದ್ದರು. ಆದರೆ ಬಸವೇಶ್ವರನಗರದಲ್ಲಿ ಒಂದೇ ಮನೆಯೇ ಎಂದುಕೊಂಡು ಸುಮ್ಮನಿದ್ದೆ. ಗೆಳತಿ ಬೇಡ ಅಂದವನು ಈಗ ನನ್ನ ಮನೆಯ ಮೆಟ್ಟಿಲು ಹತ್ತುತ್ತಿದ್ದ. ಅವಳು ಬಿಟ್ಟದ್ದು ನನಗೆ ಬಂತು ಎಂದು ಒಂದು ಕ್ಷಣ ಅವಮಾನವಾಯಿತು. ಮರುಕ್ಷಣವೇ, ಬಂದರೆ ಬರಲಿ, ನನಗೆ ಬಂದವನು ಇವನೊಬ್ಬನೇ ಅಂದುಕೊಂಡೆ.

ಕಾಫಿಯ ತಟ್ಟೆ ಹಿಡಿದು ಹೋದೆ. ಲೋಟ ಬಿಸಿಯಾಗಿತ್ತು, ಬೆರಳು ಸುಡುತ್ತಿತ್ತು. "ಬಿಸಿ ಇದೆ, ಕೆಳಗಿಟ್ಬಿಡಿ, ನಾನು ತಗೋತೀನಿ," ಎಂದ ಅವನು. ದನಿ ಮೆತ್ತಗಿತ್ತು. ಛತ್ರಿ ನಿಜವಾಗಿಯೂ ಮಂಡಿಗಳ ನಡುವೆಯೇ ಇತ್ತು. ನನಗೆ ನಗು ಬರಲಿಲ್ಲ. ನನ್ನ ಕೆಲಸ ಏನೆಂದು ಕೇಳಿದ. ಹೇಳಿದೆ. "ಅಷ್ಟು ಸಣ್ಣ ತಂತಿ ನೋಡಿ ನೋಡಿ ಕಣ್ಣಿಗೆ ತೊಂದರೆ ಆಗಲ್ವಾ?" ಎಂದ.

"ಅಭ್ಯಾಸ ಆಗಿದೆ," ಎಂದೆ.

"ಸಂಜೆ ಹೊತ್ತು ಸ್ವಲ್ಪ ಹಸಿರು ನೋಡಿ. ಒಳ್ಳೇದು."

ನನ್ನ ಕಣ್ಣಿನ ಬಗ್ಗೆ ಅದುವರೆಗೆ ಯಾರೂ ಕೇಳಿರಲಿಲ್ಲ, ಅಮ್ಮನೂ ಕೇಳಿರಲಿಲ್ಲ. ಆ ಕ್ಷಣದಲ್ಲಿ ನನಗೆ ಅವನು ಬೇಕು ಅನ್ನಿಸಿತು. ಹೀಗೆ ಸಂಜೆ ಮನೆಗೆ ಬಂದಾಗ ಕಣ್ಣು ನೋಯುತ್ತಿದೆಯಾ ಎಂದು ಕೇಳುವ ಒಬ್ಬ ಮನುಷ್ಯ ಇದ್ದರೆ ಸಾಕು, ಅವನು ಮಲಗುವಾಗಲೂ ಛತ್ರಿ ಹಿಡಿದುಕೊಂಡಿರಲಿ ಅನ್ನಿಸಿತು.

ಅವನ ತಾಯಿ ಮಾತುಗಾರ್ತಿ. ಉಪ್ಪಿಟ್ಟು ತಿನ್ನುತ್ತ, ತಾವು ನೋಡಿದ ಹೆಣ್ಣುಗಳ ಕಥೆ ತೆಗೆದರು. "ಎಷ್ಟು ನೋಡಿದೀವಿ ಅಂತ ಲೆಕ್ಕಾನೇ ಇಟ್ಟಿಲ್ಲ ಕಣ್ರೀ. ಜ್ಞಾನಭಾರತೀಲಿ ಎಂ.ಎ. ಓದಿದ ಹುಡುಗಿ ಒಬ್ಳು, ಕನ್ನಡಕ ಅಂತ ಬೇಡ ಅಂದ್ವಿ. ಇನ್ನೊಬ್ಬರು ಸೈಟೇ ಕೊಡ್ತೀವಿ ಅಂದ್ರು, ಹುಡುಗಿ ಹಲ್ಲು ಸರಿ ಇರಲಿಲ್ಲ, ಬೇಡ ಅಂದ್ವಿ." ಮಗನ ಮೂಗಿನ ಮೇಲಿನ ಕನ್ನಡಕ ಅವರಿಗೆ ಕಾಣುತ್ತಿರಲಿಲ್ಲವೋ ಏನೋ. ಈಕೆಯನ್ನು ನಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿದರೆ ಎಲ್ಲರನ್ನೂ ಸೋಲಿಸಿಬಿಡುತ್ತಾರೆ ಎಂದು ನನ್ನಷ್ಟಕ್ಕೆ ನಾನು ಅಂದುಕೊಂಡೆ. ಅಷ್ಟರಲ್ಲಿ ಅವರು, "ಬಾಮ್ಮ ಇಲ್ಲಿ," ಎಂದು ಪಕ್ಕಕ್ಕೆ ಕೂರಿಸಿಕೊಂಡು, ಬೆನ್ನು ಸವರುವ ಹಾಗೆ ಕೈ ಆಡಿಸಿ ಜಡೆಯ ಬುಡವನ್ನು ಒತ್ತಿದರು. ದಾರ ಸುತ್ತಿದ ಗಂಟು ಅವರ ಬೆರಳಿಗೆ ಸಿಕ್ಕಿತು.

"ಚೌರಿ," ಎಂದರು ಓನರಮ್ಮನ ಕಡೆ ತಿರುಗಿ. ಬೈಯಲಿಲ್ಲ. "ಕೂದಲೇನೋ ಒಳ್ಳೇ ಕೂದಲು." ಆಮೇಲೆ ನೆನಪಾದವರಂತೆ, "ಇವರ ಫ್ಯಾಕ್ಟರೀಲೇ ಕೆಲಸ ಮಾಡೋ ಹುಡುಗಿ, ರಾಜಾಜಿನಗರದಲ್ಲಿ, ನೋಡಿದ್ವಿ. ಅವಳದೂ ಹಿಡಿದು ನೋಡಿದೆ. ನಿಜವಾದ ಜಡೆ, ಮಂಡಿ ತನಕ. ಆದ್ರೆ ಏನ್ಮಾಡೋದು, ನಮ್ಮ ಹುಡುಗನಿಗಿಂತ ಎತ್ತರ ಆದ್ಲು. ಬೇಡ ಅಂತ ಹೇಳಿ ಕಳಿಸಿದ್ವಿ. ಪಾಪ, ಅವರ ತಂದೆ ಇನ್ನೂ ಬಂದು ಬಂದು ಕೇಳ್ತಾರೆ, ಇನ್ನೊಂದ್ಸಲ ಯೋಚನೆ ಮಾಡಿ ಅಂತ. ಹುಡುಗೀಗೂ ತುಂಬಾ ಇಷ್ಟ ಆಗಿತ್ತಂತೆ."

"ಅಮ್ಮ, ಸಾಕು," ಎಂದ ಅವನು.

ನಾನು ಎದ್ದು ಹೋಗಲಿಲ್ಲ. ಗೆಳತಿ ಹೇಳಿಕೊಟ್ಟದ್ದು ನೆನಪಿತ್ತು, ಆದರೂ ಕೂತೇ ಇದ್ದೆ. ಅವಳೂ ಎದ್ದಿರಲಿಲ್ಲ, ನನ್ನ ಹಾಗೆಯೇ ತಲೆ ತಗ್ಗಿಸಿ ಕೂತಿದ್ದಳು ಎಂದು ಈಗ ಗೊತ್ತಾಯಿತು. ಅವಳ ಕೂದಲು ನನ್ನ ಬೆನ್ನ ಮೇಲೆ ಭಾರವಾಗಿ ಬಿದ್ದಿತ್ತು. ಅದೇ ಕೂದಲಿನ ಮೇಲೆ ಅದೇ ಕೈ ಎರಡನೇ ಸಲ ಆಡುತ್ತಿತ್ತು.

ಅವರು ಹೊರಟಾಗ ಬಿಸಿಲು ಚುರುಗುಟ್ಟುತ್ತಿತ್ತು. ಗೇಟು ದಾಟಿದ ಕೂಡಲೇ ಅವನು ಛತ್ರಿ ಬಿಚ್ಚಿ ತಾಯಿಯ ತಲೆಯ ಮೇಲೆ ಹಿಡಿದ. ತಾನು ಬಿಸಿಲಿನಲ್ಲೇ ನಡೆದ. ಛತ್ರಿ ಯಾಕೆಂದು ಆಗ ತಿಳಿಯಿತು. ಅವನು ಒಂದು ಸಲ ತಿರುಗಿ ನೋಡಬಹುದೆಂದು ನಾನು ತಾರಸಿಯ ಮೇಲೆ ಕಾದು ನಿಂತೆ. ಅವನು ತಿರುಗಲಿಲ್ಲ. ಸಂಜೆ ಓನರಮ್ಮ ಮೇಲೆ ಬಂದು, "ಜಾತಕ ಸರಿಯಾಗಿ ಕೂಡಲ್ವಂತೆ," ಎಂದರು. ಕೂಡಿದ ಮೇಲೆಯೇ ಅವರು ಬಂದದ್ದೆಂದು ಮೂವರಿಗೂ ಗೊತ್ತಿತ್ತು. ಅಮ್ಮ ಒಲೆಯ ಮುಂದೆ ಕೂತು ಉಳಿದ ಕೇಸರಿಬಾತನ್ನು ಡಬ್ಬಿಗೆ ಹಾಕತೊಡಗಿದಳು.

ಮರುದಿನ ಬಸ್ಸಿನಲ್ಲಿ ನಾನು ಎಂದಿನಂತೆ ಚೀಲವಿಟ್ಟು ಜಾಗ ಹಿಡಿದೆ. ಚೀಲದಲ್ಲಿ ಕೇಸರಿಬಾತಿನ ಡಬ್ಬಿಯ ಪಕ್ಕ, ಪೇಪರಿನಲ್ಲಿ ಸುತ್ತಿದ ಚೌರಿ ಇತ್ತು. ಹಿಂದಿನ ಸೀಟಿನವರಿಗೆ ಶನಿವಾರವೇ ಸುದ್ದಿ ಹೋಗಿತ್ತು. ಆದರೂ ಗೆಳತಿ ಹತ್ತುವ ತನಕ ಕಾದರು. ಅವಳು ಹತ್ತಿ, ಜಡೆಯನ್ನು ಮಡಿಲಿಗೆ ಎಳೆದುಕೊಂಡು ಕೂತು, "ಹೇಳು, ಏನಾಯ್ತೇ?" ಎಂದಳು. ಎಲ್ಲರೂ ನನ್ನ ಕಡೆ ಬಾಗಿದರು. ಅಷ್ಟು ವರ್ಷ ನಾನು ಆಸೆಪಟ್ಟದ್ದು ಇದನ್ನೇ.

ಅವರು ಬೇಡ ಅಂದರು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಆ ಸೀಟಿನಲ್ಲಿ ಆ ಮಾತು ಯಾರೂ ಆಡಿರಲಿಲ್ಲ. "ಬೇಡ ಅಂದೆ," ಎಂದೆ.

"ಅಯ್ಯೋ ಇವಳಾ! ಮೊದಲನೇದಕ್ಕೇ ಬೇಡ ಅಂದ್ಲಾ," ಎಂದು ಒಬ್ಬಳು ನನ್ನ ತೊಡೆಗೆ ಹೊಡೆದಳು. "ಯಾಕೆ ಬೇಡ ಅಂದೆ?"

ಕಾರಣವನ್ನು ನಾನು ಯೋಚಿಸಿಕೊಂಡೇ ಇರಲಿಲ್ಲ. ಅವನ ಬಗ್ಗೆ ಕೆಟ್ಟದ್ದು ಹೇಳಲು ನಾಲಿಗೆ ಏಳಲಿಲ್ಲ. ಬಾಯಿಗೆ ಬಂದದ್ದು ಒಂದೇ. "ಅವರಮ್ಮ ಜಡೆಗೆ ಕೈ ಹಾಕಿದ್ರು."

ಎಲ್ಲರೂ ಹೋ ಎಂದು ನಕ್ಕರು. ಎಲ್ಲ ಅತ್ತೆಯರದೂ ಒಂದೇ ಬುದ್ಧಿ ಎಂದರು. ಬಸ್ಸು ಮುಂದೆ ಹೋಯಿತು, ಮಾತು ಬೇರೆ ಕಡೆ ತಿರುಗಿತು. ಗೆಳತಿ ಮಾತ್ರ ನಗಲಿಲ್ಲ. ನನಗಷ್ಟೇ ಕೇಳುವ ದನಿಯಲ್ಲಿ, "ಛತ್ರಿ ತಂದಿದ್ನಾ?" ಎಂದಳು.

ಹೂಂ ಎಂದು ತಲೆ ಆಡಿಸಿದೆ.

"ನಮ್ಮನೆ ವಿಷಯ ಏನಾದ್ರೂ ಅಂದ್ರಾ?"

"ಇಲ್ಲ ಕಣೇ," ಎಂದೆ. ಆದರೆ ಹೇಳಲು ಹೊತ್ತು ಮಾಡಿಬಿಟ್ಟಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕಿಟಕಿಯಾಚೆ ನೋಡಿದಳು. ಪೇಪರಿನ ಪೊಟ್ಟಣ ತೆಗೆದುಕೊಟ್ಟೆ. "ಇರಲಿ ಬಿಡು, ಇಟ್ಕೋ," ಎಂದು ನನ್ನ ಚೀಲಕ್ಕೇ ವಾಪಸು ಹಾಕಿದಳು.

ಮರುದಿನ ಅವಳು ಬಂದು ಸೀಟಿನ ಆ ಕೊನೆಯ ಕಡೆ, ಬೇರೆ ಇಬ್ಬರ ನಡುವೆ ಕೂತಳು. ನನ್ನ ಬುತ್ತಿಯ ಚೀಲ ಕಾರ್ಖಾನೆಯವರೆಗೂ ಅವಳ ಜಾಗದಲ್ಲೇ ಕೂತು ಬಂತು. ಅದರ ಮರುದಿನವೂ ಹಾಗೆಯೇ. ಜಗಳವೇನೂ ಆಗಿರಲಿಲ್ಲ, ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಅವಳ ಅಪ್ಪ ಯಾರದೋ ಬಾಗಿಲಲ್ಲಿ ನಿಂತು ಇನ್ನೊಂದು ಸಲ ಯೋಚನೆ ಮಾಡಿ ಎನ್ನುವುದು ನನಗೆ ಗೊತ್ತು ಎಂಬುದು ಅವಳಿಗೆ ಗೊತ್ತಾಗಿತ್ತು. ಇನ್ನು ನನ್ನ ಎದುರು ಅವಳು ಹೇಗೆ ಬಡಾಯಿ ಕೊಚ್ಚಿಯಾಳು? ನನ್ನ ಮಾತೂ ಸುಳ್ಳೆಂದು ಆ ಬಸ್ಸಿನಲ್ಲಿ ತಿಳಿದಿದ್ದವಳು ಅವಳೊಬ್ಬಳೇ. ಇಬ್ಬರಿಗೂ ಒಂದೇ ನೋವು ಇತ್ತು. ಅದನ್ನು ಹಂಚಿಕೊಂಡಿದ್ದರೆ ಹಗುರವಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಇಬ್ಬರೂ ಮುಖ ತಪ್ಪಿಸಿಕೊಂಡು ಓಡಾಡಿದೆವು. ಬೆಂಚಿನಲ್ಲಿ ಎದುರೆದುರು ಕೂತು, ತಲೆ ಎತ್ತದೆ ತಂತಿ ಸುತ್ತಿದೆವು. ಅಷ್ಟು ಒಂಟಿತನವನ್ನು ನಾನು ತಾರಸಿಯ ಮೇಲೂ ಕಂಡಿರಲಿಲ್ಲ.

ಸಂಜೆ ಬಸ್ಸಿಳಿದು ಮನೆಗೆ ನಡೆಯುವಾಗ ಹಸಿರು ನೋಡಬೇಕೆಂದು ನೆನಪಾಗುತ್ತಿತ್ತು. ನಮ್ಮ ಕಡೆ ಹಸಿರೆಂದರೆ ಖಾಲಿ ಸೈಟುಗಳಲ್ಲಿ ಬೆಳೆದ ಪಾರ್ಥೇನಿಯಂ ಗಿಡ. ಅದನ್ನೇ ನಿಂತು ನೋಡುತ್ತಿದ್ದೆ. ಆ ಸೈಟುಗಳಲ್ಲಿ ಒಂದೊಂದಾಗಿ ಮನೆಗಳೆದ್ದವು, ಆ ಹಸಿರೂ ಹೋಯಿತು. ನನಗೆ ಮತ್ತೆ ಯಾರೂ ಬರಲಿಲ್ಲ. ಓನರಮ್ಮ ಇನ್ನೂ ಒಂದೆರಡು ಕಡೆ ಪ್ರಯತ್ನಪಟ್ಟರು, ಜಾತಕಗಳು ಹೋದವು, ಚಪ್ಪಲಿಗಳು ಬರಲಿಲ್ಲ.

ಗೆಳತಿಗೆ ಮದುವೆಯಾಯಿತು. ಕೆಂಗೇರಿಯವನು, ಹೆಂಡತಿ ಸತ್ತು ಒಂದು ಮಗು ಇದ್ದವನು. ಈ ಸಂಬಂಧದ ವಿಷಯವನ್ನು ಅವಳು ಬಸ್ಸಿನಲ್ಲಿ ಬಾಯಿಬಿಟ್ಟಿರಲಿಲ್ಲ. ಒಂದು ದಿನ ಕರೆಯೋಲೆ ಹಂಚಿದಳು, ಅಷ್ಟೇ. ನಾವೆಲ್ಲ ಸೇರಿ ಸ್ಟೀಲಿನ ಕೊಳಗ ಕೊಟ್ಟು ಊಟ ಮಾಡಿ ಬಂದೆವು. ಅಂದಿನಿಂದ ಅವಳು ಕೆಂಗೇರಿಯಲ್ಲೇ ಬಸ್ಸು ಹತ್ತುವವಳಾದಳು. ನಾನು ಹತ್ತುವ ಹೊತ್ತಿಗೆ ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದಳು. ಒಂದು ಸಣ್ಣ ನಗು ನಕ್ಕು ನಾನು ಹಿಂದಕ್ಕೆ ಹೋಗುತ್ತಿದ್ದೆ. ಹಳಬರೆಲ್ಲ ಒಬ್ಬೊಬ್ಬರಾಗಿ ಮುಂದಕ್ಕೆ ಹೋಗಿದ್ದರು. ಈಗ ಹಿಂದಿನ ಸೀಟಿನಲ್ಲಿ ಹೊಸ ಬ್ಯಾಚಿನ ಹುಡುಗಿಯರು. ಅವರೂ ಸೋಮವಾರ ಗಂಡುಗಳನ್ನು ಬೇಡ ಅನ್ನುತ್ತಿದ್ದರು. ನಾನು ಕೂತಿದ್ದರೆ ಸ್ವಲ್ಪ ದನಿ ತಗ್ಗಿಸುತ್ತಿದ್ದರು. ನನ್ನ ಬಗ್ಗೆ ಅವರು ಏನೂ ಕೇಳುತ್ತಿರಲಿಲ್ಲ, ಅದು ನನಗೆ ಹೆಚ್ಚು ಚುಚ್ಚುತ್ತಿತ್ತು.

ಒಂದು ಬೆಳಿಗ್ಗೆ ಹೊಸಹಳ್ಳಿ ದಾಟಿದ ಮೇಲೆ ಬಸ್ಸು ಪಂಕ್ಚರಾಯಿತು. ಎಲ್ಲರೂ ಇಳಿದು ಮಾಗಡಿ ರಸ್ತೆಯ ಪಕ್ಕ ಮರದ ನೆರಳ ಕೆಳಗೆ ನಿಂತೆವು. ನಾನು ಹತ್ತಿರದ ಮನೆಯಲ್ಲಿ ನೀರು ಕೇಳಿ ಕುಡಿದು ವಾಪಸು ಬರುವಾಗ, ಹುಡುಗಿಯರು ನನ್ನ ಗೆಳತಿಯ ಸುತ್ತ ನಿಂತಿದ್ದರು. ಅವರು ಏನು ಕೇಳಿದರೋ ನನಗೆ ಕೇಳಿಸಲಿಲ್ಲ. ಅವಳ ಉತ್ತರ ಕೇಳಿಸಿತು.

"ಅವಳಾ? ಅವಳಿಗೆ ಬಂದಷ್ಟು ಗಂಡು ನಮಗ್ಯಾರಿಗೂ ಬಂದಿಲ್ಲಮ್ಮ. ಬ್ಯಾಂಕಿನವರು, ಇಂಜಿನಿಯರು, ಯಾರೂ ಸರಿ ಹೋಗಲಿಲ್ಲ ಅವಳಿಗೆ."

ನಾನು ನಿಂತುಬಿಟ್ಟೆ. ಅವಳು ನನ್ನನ್ನು ನೋಡಿದಳು. ಮಾತು ನಿಲ್ಲಿಸುತ್ತಾಳೆಂದುಕೊಂಡೆ. ಅವಳು ಹಳೆಯ ಸೋಮವಾರಗಳಲ್ಲಿ ಮಾಡುತ್ತಿದ್ದಂತೆ ದನಿ ತಗ್ಗಿಸಿ, ನನ್ನ ಮುಖ ನೋಡುತ್ತಲೇ ಮುಂದುವರಿಸಿದಳು. "ಕೊನೆಗೆ ಒಬ್ಬ ಬಂದ. ಒಳ್ಳೆಯವನೇ. ಅವನ ತಾಯಿ ಇವಳ ಜಡೆಗೆ ಕೈ ಹಾಕಿ ಎಳೆದು ನೋಡಿದ್ಲು. ಇವಳು ತಟ್ಟನೆ ಎದ್ದು ಒಳಗೆ ಹೋಗಿ, ಉಪ್ಪಿಟ್ಟು ತಿಂದು ಹೋಗೋಕೆ ಹೇಳಿ ಅಂದ್ಲು."

ಅದು ಅವಳ ಕಥೆ. ಅವಳ ಹತ್ತಿರ ಇದ್ದದ್ದರಲ್ಲೆಲ್ಲ ಒಳ್ಳೆಯದು. ಅದನ್ನು ಒಂದು ಮಾತೂ ಇಟ್ಟುಕೊಳ್ಳದೆ ಪೂರಾ ನನಗೆ ಕೊಟ್ಟುಬಿಟ್ಟಳು. ನನ್ನ ಮೇಲೆ ಇಷ್ಟು ಪ್ರೀತಿ ಇತ್ತೇ ಎಂದು ಒಂದು ಕಡೆ, ಇಂಥ ಮಾತನ್ನು ಇನ್ನು ಯಾರೂ ಬಾರದವಳ ಬಗ್ಗೆ ಮಾತ್ರ ಆಡುತ್ತಾರಲ್ಲ ಎಂದು ಇನ್ನೊಂದು ಕಡೆ ಅನ್ನಿಸಿತು.

ಹುಡುಗಿಯರಲ್ಲಿ ಒಬ್ಬಳು ನನ್ನ ಕಡೆ ತಿರುಗಿ, ಕಣ್ಣರಳಿಸಿ, "ನಿಜಾನಾ ಅಕ್ಕ?" ಎಂದಳು. ಆ ಬಸ್ಸಿನವರಲ್ಲಿ ಒಬ್ಬರು ನನ್ನನ್ನು ಅಕ್ಕ ಎಂದದ್ದು ಅದೇ ಮೊದಲು.

"ಹೂಂ," ಎಂದೆ. "ಛತ್ರಿ ಬೇರೆ ತಂದಿದ್ದ. ಮಳೆ ಇಲ್ಲ, ಮೋಡ ಇಲ್ಲ."

ಗೆಳತಿ ನಕ್ಕಳು. ನನಗೂ ನಗು ಬಂತು. ಹುಡುಗಿಯರೂ ನಕ್ಕರು, ಆದರೆ ನಾವಿಬ್ಬರು ಅಷ್ಟು ಹೊತ್ತು ಯಾಕೆ ನಗುತ್ತಿದ್ದೇವೆಂದು ಅವರಿಗೆ ಗೊತ್ತಾಗಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಾಗ ಅವಳ ಜಡೆ ಕಾಣಿಸಿತು. ಅದೂ ಅರ್ಧಕ್ಕರ್ಧ ತೆಳುವಾಗಿತ್ತು. ಅವಳ ಹಳೆಯ ಕೂದಲು ನನ್ನ ಮನೆಯ ಪೆಟ್ಟಿಗೆಯಲ್ಲಿ, ಅದೇ ಪೇಪರಿನ ಪೊಟ್ಟಣದಲ್ಲಿ ಇದೆ ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಟೈರು ಹಾಕಿ ಮುಗಿದು, ಡ್ರೈವರ್ ಹಾರ್ನ್ ಮಾಡಿದ. ಎಲ್ಲರೂ ಹತ್ತಿದೆವು. ಅವಳು ತನ್ನ ಸೀಟಿನಲ್ಲಿ ಕೂತಳು, ನಾನು ಹಿಂದಕ್ಕೆ ಹೋಗಿ ಕಿಟಕಿಯ ಪಕ್ಕ ಕೂತು, ಚೀಲವನ್ನು ಪಕ್ಕದಲ್ಲಿಟ್ಟುಕೊಂಡೆ.